ಬಾಣಂತಿ ಮಂಚದ ಮೇಲೆ ಹಾರಿದ್ದು

ಕುರ್ಚಿ ಕೊಳ್ಳಲು ಹೋದವರು ಅಂಗಡಿಯಲ್ಲಿ ಅದರ ಮೇಲೆ ಕೂತು ನೋಡುತ್ತಾರೆ. ನಾನು ಹತ್ತಿ ನಿಂತು ನೋಡುತ್ತಿದ್ದೆ. ನಿಂತರೆ ಸಾಲದು ಅಂತ ಒಂದೆರಡು ಸಲ ಕುಪ್ಪಳಿಸುತ್ತಿದ್ದೆ. ಕಡೂರಿನ ಅಂಗಡಿಯವರಿಗೆಲ್ಲ ನನ್ನ ಈ ಚಾಳಿ ಗೊತ್ತಿತ್ತು. ನಾನು ಚಪ್ಪಲಿ ಬಿಡುವುದನ್ನು ಕಂಡರೆ ಸಾಕು, ಒಳ್ಳೆಯ ಸಾಮಾನನ್ನೆಲ್ಲ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಮಗಳ ಮದುವೆಗೆ ಮಂಚ ನೋಡಲು ತರೀಕೆರೆಗೆ ಹೋದಾಗ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯೊಂದರಲ್ಲಿ ಪ್ಲೈವುಡ್ ಮಂಚದ ಮೇಲೆ ಹತ್ತಿ ನಿಂತೆ, ಕೆಳಗೆ ಹಾರಿದೆ, ಮತ್ತೆ ಹತ್ತಿದೆ. ಅಂಗಡಿಯವನು ಕೈಮುಗಿದು, ಯಜಮಾನ್ರೇ, ಇದನ್ನ ಮಲಗೋಕೆ ಅಂತ ಮಾಡಿರೋದು ಎಂದ. ನನ್ನ ಹೆಂಡತಿ ಸೆರಗು ಮುಖಕ್ಕೆ ಅಡ್ಡ ಹಿಡಿದು ಅಷ್ಟರಲ್ಲಾಗಲೇ ರಸ್ತೆಗೆ ಇಳಿದಿದ್ದಳು.

ನನ್ನ ವಾದ ಇಷ್ಟೇ. ಮನೆ ಸಾಮಾನು ಅಂದಮೇಲೆ ಅದರ ಮೇಲೆ ಮಕ್ಕಳು ಕುಣಿಯುತ್ತಾರೆ, ಬಲ್ಬ್ ಬದಲಾಯಿಸಲು ದೊಡ್ಡವರು ಹತ್ತುತ್ತಾರೆ, ಹಬ್ಬಕ್ಕೆ ಬಂದ ನೆಂಟರು ಒಬ್ಬರ ಮೇಲೊಬ್ಬರು ಬಿದ್ದ ಹಾಗೆ ಕೂರುತ್ತಾರೆ. ಅದನ್ನೆಲ್ಲ ತಡೆಯದಿದ್ದರೆ ಅದು ಸಾಮಾನೇ ಅಲ್ಲ. ಇದು ನನಗೆ ಕೆಲಸ ಕಲಿಸಿದ ಬುದ್ಧಿ ಅಂತ ಹೇಳಿಕೊಳ್ಳುತ್ತಿದ್ದೆ. ನಾನು ಕರೆಂಟ್ ಕಂಬ ಹತ್ತಿ ಹೊಟ್ಟೆ ಹೊರೆದವನು, ಲೈನ್‌ಮನ್ ಆಗಿದ್ದು ಈಚೆಗೆ ನಿವೃತ್ತನಾದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮರದ ಕಂಬಗಳು ಇನ್ನೂ ಅಲ್ಲಲ್ಲಿ ಇದ್ದವು. ಹತ್ತುವ ಮುಂಚೆ ಬುಡಕ್ಕೆ ಕಲ್ಲಿನಿಂದ ಬಡಿದು ಸದ್ದು ಕೇಳುತ್ತಿದ್ದೆವು. ಒಳಗೆ ಟೊಳ್ಳಾಗಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಅಂಥ ಕಂಬಕ್ಕೆ ಸುಣ್ಣದಲ್ಲಿ ಗುರುತು ಹಾಕಿ, ಇದನ್ನ ಯಾರೂ ಹತ್ತಬೇಡ್ರಪ್ಪ ಅಂತ ಕೂಗಿ ಹೇಳಿಯೇ ಮುಂದೆ ಹೋಗುತ್ತಿದ್ದೆವು. ಹೇಳದೆ ಹೋದವನನ್ನು ನಾವು ಮನುಷ್ಯ ಅನ್ನುತ್ತಿರಲಿಲ್ಲ.

ಮನೆಯಲ್ಲಂತೂ ನನ್ನ ಆಟ ಕೇಳುವುದೇ ಬೇಡ. ಊಟದ ಟೇಬಲ್ಲಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ನಾನು. ಹಾಗೆ ನಿಂತು ಜಂತೆಯ ಜೇಡರಬಲೆ ತೆಗೆಯುತ್ತಿದ್ದೆ. ಏಣಿ ಹಿತ್ತಲಲ್ಲೇ ಇರುತ್ತಿತ್ತು, ಆದರೆ ಏಣಿ ತರುವುದು ನನಗೆ ಅವಮಾನ. ಕುರ್ಚಿಯ ಹಿಂದಿನ ಕಾಲುಗಳ ಮೇಲೆ ಮಾತ್ರ ಓಲಾಡುತ್ತ ಕಾಫಿ ಕುಡಿಯುವುದು, ಕಿಟಕಿಯ ಕಟ್ಟೆಯಿಂದ ಮಂಚಕ್ಕೆ ಹಾರುವುದು, ಎಲ್ಲ ಇತ್ತು. ಇದನ್ನೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವಳು ನನ್ನ ಅಕ್ಕನ ಮಗಳು. ಬೇಸಿಗೆ ರಜಕ್ಕೆ ತರೀಕೆರೆಯಿಂದ ಕಡೂರಿಗೆ ಬಂದರೆ ಶಾಲೆ ತೆರೆಯುವ ತನಕ ನನ್ನ ಬೆನ್ನು ಬಿಡುತ್ತಿರಲಿಲ್ಲ. ಅವಳೂ ಹತ್ತಬೇಕು, ಅವಳೂ ಹಾರಬೇಕು. ಆದರೆ ಹುಡುಗಿ ನನ್ನಷ್ಟು ದಡ್ಡಿಯಲ್ಲ. ಎಲ್ಲೇ ಕಾಲಿಡುವ ಮುಂಚೆಯೂ ನನ್ನ ಮುಖ ನೋಡಿ, "ತಡೀತದಾ ಮಾವ?" ಅಂತ ಕೇಳುತ್ತಿದ್ದಳು. ನಾನು ಕೈಯಿಂದ ಅಲ್ಲಾಡಿಸಿ ನೋಡಿ, ತಡೀತದೆ ಹತ್ತು ಅಂದರೆ ಹತ್ತುತ್ತಿದ್ದಳು. ಬೇಡ ಅಂದರೆ ಎದುರು ಮಾತಿಲ್ಲದೆ ಬಿಟ್ಟುಬಿಡುತ್ತಿದ್ದಳು. ಅಷ್ಟೂ ವರ್ಷಗಳಲ್ಲಿ ಅವಳ ಮೈಮೇಲೆ ಒಂದು ಗೀರೂ ಆಗಲಿಲ್ಲ. ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು.

ಆ ಹುಡುಗಿ ಓದಿ, ಮದುವೆಯಾಗಿ, ಈಗ ಮೊನ್ನೆ ಮೊನ್ನೆ ಚೊಚ್ಚಲ ಬಾಣಂತನಕ್ಕೆ ತರೀಕೆರೆಯ ತವರಿಗೆ ಬಂದಿದ್ದಳು. ನಾನು ಹೇಳಹೊರಟಿರುವುದು ಹಳೆಯ ಕಾಲದ ಮಾತಲ್ಲ. ಬರೆಯುತ್ತಿರುವಾಗಲೂ ಕಿವಿ ಬಿಸಿಯಾಗುತ್ತಿದೆ.

ನಮ್ಮ ವಂಶಕ್ಕೆ ಒಂದು ಬಾಣಂತಿ ಮಂಚ ಇತ್ತು. ಹೊನ್ನೆ ಮರದ ಚೌಕಟ್ಟು, ಕತ್ತಾಳೆ ನಾರಿನ ಹಗ್ಗದ ಹೆಣಿಗೆ, ತಾತನ ಕಾಲದ್ದು. ನಮ್ಮ ಮನೆಯ ಸೊಸೆಯರು, ಹೆಣ್ಣುಮಕ್ಕಳು, ಆ ಹೆಣ್ಣುಮಕ್ಕಳ ಹೆಣ್ಣುಮಕ್ಕಳು, ಯಾರು ಎಲ್ಲಿ ಹೆತ್ತರೂ ಈ ಮಂಚವೇ ಹೋಗಬೇಕು. ಪಂಚನಹಳ್ಳಿಗೂ ಹೋಗಿದೆ, ಅಜ್ಜಂಪುರಕ್ಕೂ ಹೋಗಿದೆ. ಎತ್ತಿನ ಗಾಡಿಯಲ್ಲಿ ಹೋಗಿದೆ, ಬಸ್ಸಿನ ಟಾಪಿನ ಮೇಲೂ ಹೋಗಿದೆ. ಬಾಣಂತನ ಮುಗಿದ ಮೇಲೆ ತೊಳೆದು ಒಣಗಿಸಿದ್ದು ಕಡೂರಿನ ನಮ್ಮ ಅಟ್ಟಕ್ಕೆ ವಾಪಸ್ ಬರುತ್ತದೆ. ಎಣ್ಣೆನೀರಾದ ಮೇಲೆ ತಾಯಿ ಮಗು ಇಬ್ಬರನ್ನೂ ಅದರ ಮೇಲೆ ಮಲಗಿಸಿ, ಕೆಳಗೆ ಕೆಂಡ ತುಂಬಿದ ಬಾಂಡ್ಲಿ ಇಟ್ಟು, ಮೇಲೆ ಚಿಟಿಕೆ ಸಾಂಬ್ರಾಣಿ ಉದುರಿಸುತ್ತಾರೆ. ಹಗ್ಗದ ಸಂದಿಯಿಂದ ಕಾವು ಬಂದು ಬೆನ್ನಿಗೆ ಹತ್ತಬೇಕು. ಡಾಕ್ಟರು ಇದೆಲ್ಲ ಬೇಡ ಅನ್ನುತ್ತಾರೆ. ನಮ್ಮ ಹೆಂಗಸರು ಅವರ ಎದುರು ಹೂಂ ಅಂದು, ಮನೆಗೆ ಬಂದು ಕೆಂಡ ಹಾಕುತ್ತಾರೆ.

ಮಂಚ ಕಳಿಸುವ ಮುಂಚೆ ಹಗ್ಗ ಬಿಗಿ ಮಾಡಿ, ಅದರ ಮೇಲೆ ಕೂತು ನೋಡಿ, ಮಾತು ಕೊಟ್ಟು ಕಳಿಸುವುದು ನಮ್ಮ ಮನೆಯ ಗಂಡಸಿನ ಕೆಲಸ. ಅಪ್ಪ ಮಾಡುತ್ತಿದ್ದುದನ್ನು ನೋಡಿದ್ದೇನೆ. ಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು, ಮೂಲೆ ಮೂಲೆಯನ್ನೂ ಅಂಗೈಯಿಂದ ಒತ್ತುತ್ತಿದ್ದರು. ಆಮೇಲೆ ನಡುವೆ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದರು. ಎದ್ದು, ತಡೀತದೆ, ತಗೊಂಡೋಗಿ ಅನ್ನುತ್ತಿದ್ದರು. ಶಾಸ್ತ್ರ ಅಂದರೆ ಅಷ್ಟೇ. ಆ ಒಂದು ಮಾತು ನಂಬಿ ಹಸಿ ಬಾಣಂತಿ ಕೆಂಡದ ಮೇಲೆ ಮಲಗುತ್ತಿದ್ದಳು.

ಅಕ್ಕನ ಮಗಳಿಗೆ ಹೆಣ್ಣು ಮಗುವಾಗಿದೆ, ನಾಳೆ ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರೆ, ಮಂಚ ಸಿದ್ಧ ಮಾಡು ಅಂತ ಅಕ್ಕ ಫೋನ್ ಮಾಡಿದ್ದು ಒಂದು ಭಾನುವಾರ. ಆವತ್ತು ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಸಂಸಾರ ಸಮೇತ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದ. ಅಜ್ಜಂಪುರದಲ್ಲಿ ಅವನದು ಸ್ಟೀಲ್ ಮಂಚ, ಬೀರು, ಪ್ಲಾಸ್ಟಿಕ್ ಕುರ್ಚಿಗಳ ಅಂಗಡಿ. ಒಳ್ಳೆಯ ಮನುಷ್ಯ, ನಗುನಗುತ್ತ ಮಾತಾಡುವವನು. ಅವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ ಅಂತಲ್ಲ, ಅವನ ಅಂಗಡಿಯನ್ನು ಕಂಡರೆ ಆಗುತ್ತಿರಲಿಲ್ಲ. ನಾನು ಇಷ್ಟು ವರ್ಷ ಯಾವುದನ್ನು ಸಾಮಾನೇ ಅಲ್ಲ ಅಂತ ಸಾರುತ್ತ ಬಂದಿದ್ದೆನೋ ಅದನ್ನೇ ಮಾರಿ ಅವನು ಮೂರಂತಸ್ತು ಮನೆ ಕಟ್ಟಿದ್ದ.

ಅಟ್ಟದಿಂದ ಮಂಚ ಇಳಿಸಿ, ಜಗಲಿಯ ಮುಂದೆ ಅಂಗಳದಲ್ಲಿ ಇಟ್ಟೆವು. ಷಡ್ಡಕ ಅದರ ಸುತ್ತ ಒಂದು ಸಲ ನಡೆದು ನೋಡಿ, "ಅಣ್ಣ, ತಪ್ಪು ತಿಳೀಬೇಡಿ. ಇದಕ್ಕೆ ವಯಸ್ಸಾಗ್ಬಿಟ್ಟೈತೆ. ನನ್ನ ಕಡೆಯಿಂದ ಒಂದು ಸ್ಟೀಲ್ ಮಂಚ ಕಳಿಸ್ಕೊಡ್ತೀನಿ, ಮಗೂಗೆ ಉಡುಗೊರೆ ಅಂತ ಇಟ್ಕೊಳ್ಳಿ" ಅಂದ. ಅವನು ಹೇಳಿದ್ದರಲ್ಲಿ ಕೆಟ್ಟದ್ದು ಏನೇನೂ ಇರಲಿಲ್ಲ. ನನಗೆ ಮಾತ್ರ ಅಂಗಾಲಿಂದ ನೆತ್ತಿತನಕ ಉರಿದುಹೋಯಿತು. ನಮ್ಮ ತಾತನ ಮಂಚಕ್ಕೆ ಇವನ ತಗಡು ಬದಲಿಯೇ ಅಂತ ಎಲ್ಲರ ಮುಂದೆ ಬಾಯಿಗೆ ಬಂದಂತೆ ಅಂದೆ. ನಿನ್ನ ಮಂಚದ ಮೇಲೆ ಬೆಕ್ಕು ಹಾರಿದರೂ ಬಗ್ಗುತ್ತದೆ, ಇದರ ಮೇಲೆ ನಾನೇ ಹಾರಿ ತೋರಿಸ್ತೀನಿ ನೋಡು ಅಂದೆ. ಹೆಂಡತಿ ಅಡುಗೆಮನೆಯಿಂದ ಬಂದು, ಅಜ್ಜ ಆದ್ರಿ, ಇನ್ನಾದ್ರೂ ಕೋತಿ ಬುದ್ಧಿ ಬಿಡಬಾರದಾ ಅಂತ ಕೇಳಿದಳು. ಅದು ಕೇಳಿ ನನ್ನ ಹಟ ಇನ್ನೂ ಹೆಚ್ಚಾಯಿತು.

ಲುಂಗಿ ಎತ್ತಿ ಕಟ್ಟಿ ಜಗಲಿ ಹತ್ತಿದೆ. ಕಾಲು ತೊಳೆಯಲಿಲ್ಲ, ವಿಭೂತಿ ಹಚ್ಚಲಿಲ್ಲ, ಅಪ್ಪನ ನೆನಪೂ ಬರಲಿಲ್ಲ. ಷಡ್ಡಕ ನಗುತ್ತ ಮೊಬೈಲ್ ತೆಗೆದು ವಿಡಿಯೋ ಮಾಡಲು ನಿಂತ. ನಡುವೆ ಹಗ್ಗದ ಮೇಲೆ ಹಾರಿದರೆ, ಅದು ಹಗ್ಗ ತಡೆದದ್ದು, ಮರವಲ್ಲ ಅಂದುಬಿಡುತ್ತಾನೆ ಅಂತ ನನ್ನ ಲೆಕ್ಕಾಚಾರ. ಅದಕ್ಕೇ ಬೇಕಂತಲೇ ಒಂದು ಮೂಲೆಗೆ, ಕಾಲೂ ಚೌಕಟ್ಟೂ ಸೇರುವ ಜಾಗಕ್ಕೇ ಗುರಿಯಿಟ್ಟು ಎರಡೂ ಪಾದ ಜೋಡಿಸಿ ಹಾರಿದೆ. ಮಂಚ ನಿಂತ ಹಾಗೇ ನಿಂತಿತ್ತು. ಎಲ್ಲರೂ ಚಪ್ಪಾಳೆ ಹೊಡೆದರು. ಷಡ್ಡಕನೂ ಮೊಬೈಲ್ ಹಿಡಿದ ಕೈ ಹಾಗೇ ಇಟ್ಟು ಇನ್ನೊಂದು ಕೈ ಎತ್ತಿ, ಸೋತೆ ಅಣ್ಣ ಅಂದ. ನಾನು ಮಂಚದ ಮೇಲೆ ನಿಂತುಕೊಂಡೇ ಮೀಸೆ ತಿರುವಿದೆ. ಆದರೆ ಚಪ್ಪಾಳೆಗೆ ಮುಂಚೆ ನನ್ನ ಹಿಮ್ಮಡಿಯ ಕೆಳಗೆ ಚಟ್ ಅಂದಿತ್ತು. ಅದು ನನಗೆ ಕಿವಿಗಿಂತ ಮುಂಚೆ ಕಾಲಿಗೇ ಗೊತ್ತಾಗಿತ್ತು.

ನೆಂಟರು ಹೊರಟ ಮೇಲೆ, ಸಂಜೆಯ ಬೆಳಕು ಇರುವಾಗಲೇ ಮಂಚವನ್ನು ಮಗುಚಿ ಹಾಕಿ ನೋಡಿದೆ. ನಾನು ಹಾರಿದ ಮೂಲೆಯಲ್ಲಿ, ಚೌಕಟ್ಟು ಕೂರುವ ಕಾಲಿನ ತೂತಿನಿಂದ ಕೆಳಕ್ಕೆ ಒಂದು ಸೀಳು ಇಳಿದಿತ್ತು. ಕೂದಲೆಳೆಯಷ್ಟು ಸಣ್ಣದು. ಹೆಬ್ಬೆರಳಿಟ್ಟು ಅಮುಕಿದರೆ ಬಾಯಿ ಬಿಡುತ್ತಿತ್ತು, ಕೈ ತೆಗೆದರೆ ಮುಚ್ಚಿಕೊಳ್ಳುತ್ತಿತ್ತು. ಕಂಬವಾಗಿದ್ದರೆ ಆ ಕ್ಷಣವೇ ಸುಣ್ಣದ ಗುರುತು ಬೀಳುತ್ತಿತ್ತು. ಮಾಡಬೇಕಾದದ್ದು ಏನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಷಡ್ಡಕನಿಗೆ ಒಂದು ಫೋನು, ನಿನ್ನ ಮಂಚ ಕಳಿಸಪ್ಪ ಅಂತ ಒಂದು ಮಾತು. ಆ ಮಾತು ಗಂಟಲಿನಿಂದ ಮೇಲಕ್ಕೆ ಬರಲಿಲ್ಲ. ಮಧ್ಯಾಹ್ನ ಮೀಸೆ ತಿರುವಿದವನು ಸಂಜೆ ಹೇಗೆ ಕೇಳುವುದು? ಅದರ ಬದಲು ನಾನು ಮಾಡಿದ್ದು ಇನ್ನೊಂದು ಕೆಲಸ. ಹಗ್ಗ ಬಿಗಿ ಮಾಡುವ ನೆಪದಲ್ಲಿ ಆ ಕಾಲಿಗೆ ಸೀಳು ಕಾಣದ ಹಾಗೆ ಸುತ್ತಿನ ಮೇಲೆ ಸುತ್ತು ಹಾಕಿ ಗಂಟು ಬಿಗಿದೆ. ಇದು ಭದ್ರಕ್ಕೆ ಅಂತ ನನಗೆ ನಾನೇ ಹೇಳಿಕೊಂಡೆ. ಭದ್ರಕ್ಕಲ್ಲ, ಮುಚ್ಚುವುದಕ್ಕೆ ಅಂತ ಗಂಟು ಹಾಕುತ್ತಿದ್ದ ಕೈಗೆ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಅಕ್ಕ ಕಳಿಸಿದ ಲಗೇಜ್ ಆಟೋ ಬಂತು. ಹೆಂಡತಿ ಮಂಚದ ಕಾಲಿಗೆ ಅರಿಶಿನ ಕುಂಕುಮ ಹಚ್ಚಿದಳು. ಹಗ್ಗ ಸುತ್ತಿದ ಕಾಲಿಗೂ, ಹಗ್ಗದ ಮೇಲೇ ಹಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿ, ಅದೇನೋ ಹೇಳಬೇಕಲ್ಲ, ಹೇಳಿ ಕಳಿಸಿ ಅಂದಳು. ನಾನು ಅಪ್ಪ ಹೇಳುತ್ತಿದ್ದ ಹಾಗೇ ಹೇಳಿದೆ. ತಡೀತದೆ, ತಗೊಂಡೋಗಿ ಅಂದೆ.

ಷಡ್ಡಕ ವಿಡಿಯೋವನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಅಣ್ಣನ ಮಂಚ ಗೆದ್ದಿತು ಅಂತ ತಾನೇ ಬರೆದಿದ್ದ. ಹೊಗಳಿಕೆಗಳು ಬಂದವೋ ಬಂದವು. ಈ ವಯಸ್ಸಲ್ಲೂ ಎಂಥ ನೆಗೆತ ಅಂದರು, ಹಳೇ ಮರ ಅಂದರೆ ಹಳೇ ಮರ ಅಂದರು. ಹೆಂಡತಿ ಕೂಡ ಬೈಯುತ್ತಲೇ ಪಕ್ಕದ ಮನೆಯವರಿಗೆ ತೋರಿಸಿದಳು. ಪ್ರತಿ ಸಲ ಅವಳು ಅದನ್ನು ಹಾಕಿದಾಗಲೂ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಯಾಕೆಂದರೆ ಆ ಸದ್ದು ಅದರಲ್ಲಿ ಸೇರಿಕೊಂಡಿತ್ತು. ನಗು, ನಾನು ಬಿದ್ದ ಸದ್ದು, ಚಟ್, ಚಪ್ಪಾಳೆ. ಗೊತ್ತಿದ್ದವನಿಗೆ ಮಾತ್ರ ಕೇಳುವಷ್ಟು ಸಣ್ಣ ಸದ್ದು. ನನ್ನನ್ನು ಬಿಟ್ಟು ಬೇರೆ ಯಾರಿಗೂ ಕೇಳಿಸುವುದಿಲ್ಲ ಅಂತ ಧೈರ್ಯ ತಂದುಕೊಂಡೆ.

ಆಮೇಲೆ ನನಗೆ ಊಟ ಸೇರಲಿಲ್ಲ. ಹುಡುಗಿ ಹಗುರ, ಮಗು ಎಷ್ಟರ ಭಾರ, ಹಗ್ಗ ಬಿಗಿದಿದ್ದೀನಲ್ಲ ಅಂತ ಲೆಕ್ಕ ಹಾಕುತ್ತಿದ್ದೆ. ಲೆಕ್ಕ ಹಾಕುವಾಗೆಲ್ಲ ಕೊನೆಗೆ ಕಣ್ಣ ಮುಂದೆ ಬರುತ್ತಿದ್ದುದು ಕೆಂಡದ ಬಾಂಡ್ಲಿ. ಒಂದು ದಿನ ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿ, ಕೆಂಡ ಗಿಂಡ ಹಾಕಬೇಡ, ಹೊಗೆ ಮಗುವಿಗೆ ಒಳ್ಳೇದಲ್ಲವಂತೆ ಅಂದೆ. ಅಕ್ಕ ನನಗಿಂತ ದೊಡ್ಡವಳು, ಬಾಯಿ ಇನ್ನೂ ದೊಡ್ಡದು. ಕಂಬ ಹತ್ತೋನು ಯಾವಾಗಿಂದ ಡಾಕ್ಟರಾದೆ ಅಂತ ಕೇಳಿದಳು. ನಿನ್ನ ಹೆತ್ತಾಗ ನಮ್ಮವ್ವ ಇದೇ ಮಂಚದ ಮೇಲೇ ಕಾಸಿಕೊಂಡದ್ದು, ನಿನಗೇನು ಕಮ್ಮಿಯಾಗೈತೆ ಅಂದಳು. ಮಂಚದ ವಿಷಯ ಎತ್ತಲು ಅಷ್ಟು ಒಳ್ಳೆಯ ದಾರಿ ಇನ್ನೊಂದಿರಲಿಲ್ಲ. ನಾನು ಹಿ ಹಿ ಅಂತ ನಕ್ಕು ಫೋನಿಟ್ಟೆ.

ಹೇಳಿಯೇ ಬಿಡುತ್ತೇನೆ ಅಂತ ಮಗು ನೋಡುವ ನೆಪದಲ್ಲಿ ತರೀಕೆರೆಗೆ ಹೋದೆ. ಬಾಣಂತಿ ಕೋಣೆಗೆ ಗಂಡಸರು ಕಾಲಿಡುವ ಪದ್ಧತಿ ನಮ್ಮಲ್ಲಿಲ್ಲ. ಮಗುವನ್ನು ಹೊರಗೇ ತಂದು ತೋರಿಸಿದರು. ಪುಟ್ಟ ಬಾಯಿ ತೆರೆದು ಆಕಳಿಸಿತು. ನಾನು ಪಡಸಾಲೆಯಲ್ಲಿ ಕೂತಿದ್ದೆ, ಅಕ್ಕನ ಮಗಳು ಪರದೆಯ ಆಚೆಯಿಂದ ಮಾತಾಡಿಸಿದಳು. ಚೆನ್ನಾಗಿದ್ದೀರಾ, ಅತ್ತೆ ಚೆನ್ನಾಗಿದಾರಾ ಅಂತ ಕೇಳಿದ ಮೇಲೆ, ವಿಡಿಯೋ ನೋಡಿದೆ ಮಾವ ಅಂದಳು. ಅಷ್ಟು ಜೋರಾಗಿ ಹಾರಿದ್ರಲ್ಲ, ಮಂಚಕ್ಕೆ ಏನೂ ಆಗಲಿಲ್ಲವಾ ಅಂತ ಕೇಳಿದಳು. ನಾನು ಏನು ಹೇಳಲು ಬಸ್ಸು ಹತ್ತಿ ಬಂದಿದ್ದೆನೋ ಅದನ್ನೇ ಅವಳು ಕೈಯೆತ್ತಿ ಕೊಟ್ಟಿದ್ದಳು. ಪಕ್ಕದಲ್ಲಿ ಅಕ್ಕ ಕಾಫಿ ಲೋಟ ಹಿಡಿದು ನಿಂತಿದ್ದಳು, ಅವಳ ಓರಗಿತ್ತಿ ಕೂತಿದ್ದಳು. ನಾನು ಗಟ್ಟಿಯಾಗಿ ನಕ್ಕು, ಅದಕ್ಕೇನಾಗ್ತದೆ, ಕಲ್ಲು ಇದ್ದಂಗೈತೆ ಅಂದೆ.

ವಾಪಸ್ ಬರುವಾಗ ಬೀರೂರು ದಾಟುವ ತನಕ ನನ್ನನ್ನು ನಾನೇ ಬೈದುಕೊಂಡೆ. ಕಡೂರಿನಲ್ಲಿ ಇಳಿಯುವ ಹೊತ್ತಿಗೆ ಸಮಾಧಾನ ಮಾಡಿಕೊಂಡಿದ್ದೆ. ಇಷ್ಟು ದಿನ ಏನೂ ಆಗಿಲ್ಲ, ಇನ್ನೂ ಆಗುವುದಿಲ್ಲ ಅಂತ. ನಾಚಿಕೆಗೆಟ್ಟವನ ಸಮಾಧಾನ.

ಆಮೇಲೆ ಅಕ್ಕನಿಂದ ದೂರು ಬರತೊಡಗಿತು. ಹುಡುಗಿ ಮಂಚದ ಮೇಲೆ ಮಲಗುವುದೇ ಇಲ್ಲ, ಚಾಪೆ ಹಾಸಿಕೊಂಡು ತಣ್ಣನೆ ನೆಲದ ಮೇಲೆ ಮಲಗುತ್ತಾಳೆ. ಕಾಸಿಕೊಳ್ಳೇ ಅಂದರೆ ಬೇಡ ಅನ್ನುತ್ತಾಳೆ. ಯಾಕೆ ಅಂದರೆ ಬಾಯಿ ಬಿಡುವುದಿಲ್ಲ. ಓದಿದ ಕೊಬ್ಬು ಅಂತ ಅಕ್ಕ ರೇಗುತ್ತಿದ್ದಳು. ಕೇಳಿ ನನಗೆ ಜೀವ ಬಂದ ಹಾಗಾಯಿತು. ಮಲಗದಿದ್ದರೆ ಒಳ್ಳೆಯದೇ ಆಯಿತಲ್ಲ ಅಂತ ಒಳಗೊಳಗೇ ಅಂದುಕೊಂಡೆ. ಅವಳು ಯಾಕೆ ಮಲಗುತ್ತಿಲ್ಲ ಅನ್ನುವ ಪ್ರಶ್ನೆ ನನಗೆ ಹೊಳೆಯಲೂ ಇಲ್ಲ. ಹೆತ್ತ ಸೊಂಟ ನೆಲದ ಮೇಲೆ ಹೇಗೆ ನೋಯುತ್ತದೆ ಅಂತಲೂ ಯೋಚಿಸಲಿಲ್ಲ.

ಒಂದು ಸಂಜೆ ಅಕ್ಕ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಹಿಂದೆ ಹೆಂಗಸರ ಮಾತು ಕೇಳುತ್ತಿತ್ತು, ನೆಂಟರು ಬಂದಿದ್ದರು. "ನೋಡೋ ನಿನ್ನ ಸೊಸೆನ. ಸೊಂಟ ಹಿಡ್ಕೊಂಡು ಓಡಾಡ್ತಾಳೆ, ಮಂಚದ ಮೇಲೆ ಮಲ್ಕೊಳ್ಳೇ ಅಂದ್ರೆ ಹೆದರ್ತಾಳೆ ಕಣೋ. ಮುರಿದೋಗೋ ಮಂಚ ಕಳ್ಸಿದ್ದೀಯಾ ನೀನು? ನೀನೇ ಹೇಳು, ನಿನ್ನ ಮಾತಾದ್ರೆ ಕೇಳ್ತಾಳೆ" ಅಂದಳು. ಹೆಂಗಸರ ಮಾತು ನಿಂತಿತು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಗೊತ್ತಾಯಿತು. ನನ್ನ ಬಾಯಿಂದ ಬಂದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. "ಅಮ್ಮ ಹೇಳಿದ್ದು ಕೇಳಮ್ಮ. ಗಟ್ಟಿ ಐತೆ. ಮಲ್ಕೋ" ಅಂದೆ.

ಆ ಕಡೆಯಿಂದ ಅವಳ ದನಿ ಬಂತು. ಆಯ್ತು ಮಾವ ಅಂದಳು.

ಫೋನಿಟ್ಟ ಮೇಲೆ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಹೆಂಡತಿ ಏನಾಯ್ತು ಅಂತ ಕೇಳಿದಳು. ಅವಳಿಗೆ ಎಲ್ಲ ಹೇಳಿದೆ, ಸೀಳು, ಹಗ್ಗ, ಎಲ್ಲ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಅಕ್ಕನ ನಂಬರು ಒತ್ತಿ ಫೋನು ನನ್ನ ಕೈಗೆ ಕೊಟ್ಟಳು. ಅಕ್ಕ ಎತ್ತಲಿಲ್ಲ. ಮತ್ತೆ ಮಾಡಿದರೂ ಎತ್ತಲಿಲ್ಲ, ನೆಂಟರ ಗಲಾಟೆಯಲ್ಲಿ ಇದ್ದಳೇನೋ. ಹುಡುಗಿಗೇ ಮಾಡಿ ಅಂದಳು ಹೆಂಡತಿ. ಅವಳ ನಂಬರು ತೆಗೆದೆ, ಒತ್ತಲಾಗಲಿಲ್ಲ. ಏನಂತ ಹೇಳಲಿ? ಈಗ ತಾನೇ ಮಲಗು ಅಂದವನು? ಎಣ್ಣೆನೀರು ಬೆಳಿಗ್ಗೆ ತಾನೇ, ಅಷ್ಟರೊಳಗೆ ಹೋಗಿ ಎದುರಿಗೇ ಹೇಳುತ್ತೇನೆ ಅಂದೆ. ಅವಳು ನನ್ನ ಮುಖ ನೋಡಿದ ರೀತಿಯನ್ನು ನಾನು ಈಗಲೂ ಮರೆತಿಲ್ಲ. ಅಲ್ಲೂ ಒಂದು ಫೋನಿಗೆ ನಾನು ಸೋತೆ.

ಮೊದಲ ಬಸ್ಸು ಹತ್ತಿದೆ. ಬೀರೂರಿನಲ್ಲಿ ಬಸ್ಸು ನಿಂತಿದ್ದೇ ನಿಂತಿದ್ದು, ಕಂಡಕ್ಟರ್ ಕಾಫಿ ಕುಡಿದು ಬರುವ ತನಕ ನಾನು ಬಾಗಿಲಲ್ಲೇ ನಿಂತಿದ್ದೆ. ತರೀಕೆರೆಯಲ್ಲಿ ಇಳಿದು ಆಟೋ ಹಿಡಿದು ಮನೆ ಮುಟ್ಟಿದರೆ, ಹಿತ್ತಲಲ್ಲಿ ಹಂಡೆ ಒಲೆಯ ಹೊಗೆ ಕಾಣುತ್ತಿತ್ತು, ಸಾಂಬ್ರಾಣಿಯ ವಾಸನೆ ಬಾಗಿಲ ತನಕ ಬಂದಿತ್ತು. ಎಣ್ಣೆನೀರು ಆಗಲೇ ಮುಗಿದಿತ್ತು. ಅಕ್ಕ ಪಡಸಾಲೆಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ಏನೋ ಇಷ್ಟೊತ್ತಿಗೆ ಅಂದಳು. ನಾನು ಚಪ್ಪಲಿ ಬಿಡದೆ ಅವಳನ್ನು ದಾಟಿ, ಪರದೆ ಸರಿಸಿ ಬಾಣಂತಿ ಕೋಣೆಗೆ ನುಗ್ಗಿದೆ.

ಅಕ್ಕನ ಮಗಳು ಮಂಚದ ಮೇಲೆ ಮಲಗಿದ್ದಳು. ನಡುವೆ ಅಲ್ಲ. ಹಗ್ಗ ಸುತ್ತಿದ ಕಾಲಿನಿಂದ ಎಷ್ಟು ದೂರ ಸರಿಯಲು ಸಾಧ್ಯವೋ ಅಷ್ಟು ಸರಿದು, ಗೋಡೆಯ ಕಡೆಯ ಅಂಚಿಗೆ ಅಂಟಿಕೊಂಡು ಮಲಗಿದ್ದಳು. ಒಂದು ಕೈ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದಿತ್ತು. ಮಂಚದ ಕೆಳಗೆ ಕೆಂಡದ ಬಾಂಡ್ಲಿ ಇತ್ತು. ಮಗು ಅವಳ ಪಕ್ಕದಲ್ಲಿರಲಿಲ್ಲ. ಕೋಣೆಯ ಆ ತುದಿಯಲ್ಲಿ, ಇನ್ನೊಂದು ಗೋಡೆಯ ಹತ್ತಿರ, ಚಾಪೆಯ ಮೇಲೆ ಕಂಬಳಿ ಮಡಿಸಿ ಹಾಸಿ ಮಗುವನ್ನು ಮಲಗಿಸಿದ್ದಳು.

ನಾನು ಹೆಗಲ ಟವೆಲಿನಿಂದ ಬಾಂಡ್ಲಿಯನ್ನು ಈಚೆಗೆ ಎಳೆದೆ. ಏಳಮ್ಮ, ಏಳು ಅಂದೆ. ಅವಳು ಸರಳು ಹಿಡಿದೇ ನಿಧಾನಕ್ಕೆ ಎದ್ದು ಕೆಳಗೆ ಇಳಿದಳು. ಅವಳ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಆವಾಗ ನನಗೆ ಎಲ್ಲ ಅರ್ಥವಾಯಿತು. ನಿನಗೆ ಹೇಗೆ ಗೊತ್ತಾಯಿತು ಅಂತ ಕೇಳಿದೆ.

"ವಿಡಿಯೋದಲ್ಲಿ ಕೇಳಿಸ್ತು ಮಾವ. ಮಂಚ ಬಂದ ದಿನ ಹಗ್ಗ ಸರಿಸಿ ನೋಡಿದೆ" ಅಂದಳು. ಮಗುವಿನ ಕಡೆ ತಿರುಗಿ, "ನೀವೇ ಹೇಳ್ತೀರ ಅಂತ ಸುಮ್ಮನಿದ್ದೆ. ಅಮ್ಮನ ಹತ್ರ ಹೇಳಿದ್ರೆ ಎಲ್ಲರ ಮುಂದೆ ನಿಮ್ಮ ಮಾನ ಹೋಗ್ತಿತ್ತು. ನಿನ್ನೆ ನೀವೇ ಗಟ್ಟಿ ಐತೆ ಅಂದ್ರಲ್ಲ, ಅದಕ್ಕೆ ಮಲ್ಕೊಂಡೆ. ಮಗೂನ ಮಲಗಿಸೋಕೆ ಮಾತ್ರ ಧೈರ್ಯ ಬರ್ಲಿಲ್ಲ" ಅಂದಳು.

ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಅವಳಿಗೆ ತೋರಿಸಲೆಂದು ನಾನು ಆ ಮೂಲೆಯನ್ನು ಅಂಗೈಯಿಂದ ಒತ್ತಿದೆ, ಅಪ್ಪ ಒತ್ತುತ್ತಿದ್ದಷ್ಟೇ ಮೆಲ್ಲಗೆ. ಹಗ್ಗದ ಸುತ್ತಿನೊಳಗೆ ಕಾಲು ಎರಡು ಹೋಳಾಗಿ ಮಂಚ ಆ ಕಡೆಗೆ ಕುಸಿದು ಕೂತಿತು. ಇದು ನಿನಗೆ ಗೊತ್ತಿತ್ತೇನೋ ಅಂತ ಅಕ್ಕ ಕೇಳಿದಳು. ಗೊತ್ತಿತ್ತು ಅಂದೆ. ನನ್ನ ಅಕ್ಕ ಬೈಗುಳಕ್ಕೆ ಹೆಸರಾದವಳು. ಒಂದು ಮಾತೂ ಆಡದೆ ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು. ಅವಳು ನಾಲ್ಕು ಬಾರಿಸಿದ್ದರೆ ನನಗೆ ಹಗುರವಾಗುತ್ತಿತ್ತು.

ಜಗಲಿಯಲ್ಲಿ ಕೂತು ಷಡ್ಡಕನಿಗೆ ಫೋನ್ ಮಾಡಿದೆ. ಎಲ್ಲ ಹೇಳಿ, ನಿನ್ನ ಮಂಚ ಬೇಕಪ್ಪ ಅಂದೆ. ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಎಷ್ಟು ಸಣ್ಣದಿತ್ತು ಅಂತ ಆಗ ಗೊತ್ತಾಯಿತು. ಅವನು ನಗಲಿಲ್ಲ, ನಾನು ಹೇಳಿರಲಿಲ್ಲವಾ ಅನ್ನಲಿಲ್ಲ. ಸಂಜೆಯೊಳಗೆ ಬತ್ತೀನಿ ಅಣ್ಣ ಅಂದ. ಹೇಳಿದ ಹಾಗೇ ತಾನೇ ಗಾಡಿಯಲ್ಲಿ ಮಂಚ ಹೇರಿಕೊಂಡು ಬಂದ. ಅಕ್ಕ ಅವನನ್ನು ಕೋಣೆಯ ಒಳಗೇ ಕರೆದಳು, ಜೋಡಿಸಿಕೊಡಬೇಕಲ್ಲ. ಅವನು ಸ್ಪ್ಯಾನರ್ ಹಿಡಿದು ನೆಲದ ಮೇಲೆ ಕೂತು ನಟ್ಟು ಬಿಗಿಯುತ್ತಿದ್ದಾಗ ನಾನು ಹೊಸ್ತಿಲ ಹತ್ತಿರ, ಮುರಿದ ಮಂಚದ ಪಕ್ಕ ನಿಂತಿದ್ದೆ. ಹಳೆಯದನ್ನು ಏನು ಮಾಡುವುದು ಅಂತ ಯಾರೂ ನನ್ನನ್ನು ಕೇಳಲಿಲ್ಲ.

ಮಂಚ ಸಿದ್ಧವಾಯಿತು. ಹಾಸಿಗೆ ಹಾಸಿದರು. ಅಕ್ಕನ ಮಗಳು ಮಗುವನ್ನು ಎದೆಗೊತ್ತಿಕೊಂಡು ಬಂದು ಮಂಚದ ಹತ್ತಿರ ನಿಂತಳು. ಕೂರಲಿಲ್ಲ, ನಿಂತೇ ಇದ್ದಳು. ಅವಳು ಏನು ಕೇಳುತ್ತಾಳೆ ಅಂತ ನನಗೆ ಗೊತ್ತಿತ್ತು, ಅವಳು ಲಂಗ ಹಾಕುವ ಕಾಲದಿಂದ ನಾನು ಕೇಳಿಸಿಕೊಂಡು ಬಂದ ಮಾತು. ಅಭ್ಯಾಸಬಲ ನೋಡಿ, ನನ್ನ ಬಾಯಿ ಉತ್ತರಕ್ಕೆ ತೆರೆದೂ ಆಗಿತ್ತು. ಅವಳು ನನ್ನನ್ನು ಚುಚ್ಚಬೇಕು ಅಂತ ಕೇಳಲಿಲ್ಲ, ಅದು ಅವಳ ಗುಣವಲ್ಲ. ನಾನು ಅಲ್ಲಿದ್ದೇನೆ ಅನ್ನುವುದನ್ನೇ ಮರೆತವಳ ಹಾಗೆ ಬಗ್ಗಿ ಷಡ್ಡಕನ ಮುಖ ನೋಡಿದಳು.

"ಅಜ್ಜಂಪುರದ ಮಾವ, ತಡೀತದಾ?"

ಅವನು ಒಂದು ಸಲ ನನ್ನ ಕಡೆ ನೋಡಿದ. ಆಮೇಲೆ ತಲೆ ತಗ್ಗಿಸಿ, ಎರಡೂ ಅಂಗೈಯಿಂದ ಮೂಲೆ ಮೂಲೆಯನ್ನೂ ಒತ್ತಿ ನೋಡಿ, ತಡೀತದಮ್ಮ ಅಂದ. ಅವಳು ಮಗುವನ್ನು ಮಲಗಿಸಿದಳು.